ಆ ಚೌಕಕ್ಕೆ ಯಾರ ಒಪ್ಪಿಗೆ ಬೇಕು?

ಉತ್ತರ ಸಮುದ್ರದ ಬಳಕೆಯನ್ನು ಯೋಜಿಸುವ ಸಿಮ್ಯುಲೇಶನ್ ಒಂದಕ್ಕಾಗಿ ಕೆಲವು ವಾರಗಳಿಂದ ರಾಷ್ಟ್ರಗಳ ಕಡಲ ವಲಯಗಳ ನಕ್ಷೆಯನ್ನು ಸಿದ್ಧಪಡಿಸುತ್ತಿದ್ದೇನೆ. ಇದರಲ್ಲಿ ಆಟಗಾರರು ಒಂದೊಂದು ದೇಶದ ಪರವಾಗಿ ಕುಳಿತು ಗಾಳಿಯಂತ್ರಗಳಿಗೆ, ಹಡಗು ಮಾರ್ಗಗಳಿಗೆ, ಮೀನುಗಾರಿಕೆಗೆ ಮತ್ತು ಸಂರಕ್ಷಿತ ಪ್ರದೇಶಗಳಿಗೆ ಜಾಗ ಗೊತ್ತುಮಾಡುತ್ತಾರೆ. ಆದ್ದರಿಂದ ಒಂದು ಕಿಲೋಮೀಟರ್ ಅಳತೆಯ ಪ್ರತಿಯೊಂದು ಚೌಕವೂ ಯಾವ ದೇಶದ್ದೆಂದು ತಂತ್ರಾಂಶಕ್ಕೆ ಗೊತ್ತಿರಬೇಕು. ಗಡಿಗಳ ಕಡತಗಳನ್ನು ಡೌನ್‌ಲೋಡ್ ಮಾಡಿಕೊಂಡು ಬಣ್ಣ ತುಂಬಿದರೆ ಕೆಲಸ ಮುಗಿಯಿತೆಂದು ಭಾವಿಸಿದ್ದೆ.

ಮೊದಲ ಎಡವಟ್ಟು ದೇಶದ ಸಾರ್ವಭೌಮ ಅಧಿಕಾರ ನಡೆಯುವ ಕರಾವಳಿಯ ಪಟ್ಟಿಯಲ್ಲೇ, ಅಂದರೆ 12 ನಾಟಿಕಲ್ ಮೈಲಿಯ ಪ್ರಾದೇಶಿಕ ಸಮುದ್ರದಲ್ಲೇ ಆಯಿತು. ಒಂದು ನಾಟಿಕಲ್ ಮೈಲಿಗೆ 1,852 ಮೀಟರ್. ಅಂದರೆ ಪಟ್ಟಿಯ ಅಗಲ 22,224 ಮೀಟರ್ ಇರಬೇಕು. ದುಂಡನೆಯ ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸಲು ವೆಬ್ ನಕ್ಷೆಗಳು ಬಳಸುವ ಮರ್ಕೇಟರ್ ಪ್ರೊಜೆಕ್ಷನ್‌ನಲ್ಲೇ ಕರಾವಳಿಯಿಂದ ಅಷ್ಟು ದೂರದ ಪಟ್ಟಿಯನ್ನು, ಅಂದರೆ ಬಫರ್ ಅನ್ನು ಎಳೆದೆ. ಆ ಪ್ರೊಜೆಕ್ಷನ್ ಉತ್ತರಕ್ಕೆ ಹೋದಂತೆಲ್ಲ ದೂರಗಳನ್ನು ಹಿಗ್ಗಿಸುವುದರಿಂದ, 55 ಡಿಗ್ರಿ ಅಕ್ಷಾಂಶದಲ್ಲಿ ನನ್ನ 12 ಮೈಲಿ ನಿಜವಾದ ಕಡಲಿನ ಮೇಲೆ 7 ಮೈಲಿಗೂ ಕಡಿಮೆಯಾಗಿತ್ತು. ನೋಡಲು ಪಟ್ಟಿ ಅಚ್ಚುಕಟ್ಟಾಗಿಯೇ ಇದ್ದುದರಿಂದ ಎರಡು ದಿನ ಅನುಮಾನವೇ ಬರಲಿಲ್ಲ.

ಎಲ್ಲಿಂದ ಅಳೆಯಬೇಕೆಂಬುದು ಎರಡನೆಯ ಪ್ರಶ್ನೆ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ ಪ್ರಕಾರ, ಅಧಿಕೃತ ನಾವಿಕ ನಕ್ಷೆಗಳಲ್ಲಿ ಗುರುತಿಸಿರುವ ಇಳಿತದ ಗೆರೆಯೇ ಸಾಮಾನ್ಯ ಆಧಾರ ರೇಖೆ. ನನ್ನ ಬಳಿ ಇದ್ದದ್ದಾದರೋ ಉಬ್ಬರದ ಗೆರೆ. ಕಡಿದಾದ ದಂಡೆಯಲ್ಲಿ ಇವೆರಡರ ನಡುವೆ ಹೆಚ್ಚೇನೂ ವ್ಯತ್ಯಾಸವಿರದು, ಆದರೆ ಇಳಿತದಲ್ಲಿ ಕಿಲೋಮೀಟರ್‌ಗಟ್ಟಲೆ ಕೆಸರು ಬಯಲು ತೆರೆದುಕೊಳ್ಳುವ ವಾಡನ್ ಸಮುದ್ರದಲ್ಲಿ ಲೆಕ್ಕವೇ ಬದಲಾಗುತ್ತದೆ. ನಾರ್ವೆಯಂತೂ ತನ್ನ ದ್ವೀಪಗಳ ಹೊರ ತುದಿಗಳನ್ನು ನೇರ ಗೆರೆಗಳಿಂದ ಜೋಡಿಸಿಕೊಂಡಿದೆ. ಬ್ರಿಟನ್ ಆಕ್ಷೇಪಿಸಿದಾಗ ಅಂತರರಾಷ್ಟ್ರೀಯ ನ್ಯಾಯಾಲಯವು 1951ರಲ್ಲಿ ಆ ಪದ್ಧತಿಯನ್ನು ಎತ್ತಿಹಿಡಿಯಿತು. ಹೀಗಾಗಿ ಬಫರ್ ಎಳೆಯುವುದನ್ನೇ ಬಿಟ್ಟು, ಆಯಾ ದೇಶ ಪ್ರಕಟಿಸಿರುವ ಬಿಂದುಗಳನ್ನೇ ತೆಗೆದುಕೊಂಡೆ.

ಪ್ರಾದೇಶಿಕ ಸಮುದ್ರದ ಹೊರಗಿನ ಅನನ್ಯ ಆರ್ಥಿಕ ವಲಯಕ್ಕಿರುವ 200 ನಾಟಿಕಲ್ ಮೈಲಿಯ (ಸುಮಾರು 370 ಕಿಲೋಮೀಟರ್) ಮಿತಿ ಇಲ್ಲಿ ಹೆಸರಿಗೆ ಮಾತ್ರ. ಉತ್ತರ ಸಮುದ್ರದ ಅಗಲ ಸುಮಾರು 580 ಕಿಲೋಮೀಟರ್. ಎರಡೂ ದಡಗಳಿಂದ 370 ಕಿಲೋಮೀಟರ್ ಅಳೆದರೆ ಒಂದರ ಮೇಲೊಂದು ಬಿದ್ದು, ಯಾರಿಗೂ ಸೇರದ ಮುಕ್ತ ಸಾಗರವೇ ಉಳಿಯುವುದಿಲ್ಲ. ಆದ್ದರಿಂದ ಗಡಿಗಳೆಲ್ಲ ಒಪ್ಪಂದದಿಂದ ಬಂದವು. ಎರಡು ದಡಗಳಿಂದಲೂ ಸಮ ದೂರದಲ್ಲಿರುವ ಮಧ್ಯರೇಖೆಯನ್ನು ಎಳೆಯಲು ನಾಲ್ಕು ಸಾಲಿನ ಕೋಡ್ ಸಾಕು, ಆದರೆ ಅದರ ಫಲವನ್ನು ಜರ್ಮನಿಯ ಭಾಗದಲ್ಲಿ ನೋಡಬೇಕು. ಅದರ ಕರಾವಳಿ ಒಳಕ್ಕೆ ಬಾಗಿರುವುದರಿಂದ, ಎರಡೂ ಪಕ್ಕದ ಸಮದೂರ ರೇಖೆಗಳು ಮುಂದೆ ಹೋಗಿ ಕೂಡಿಕೊಂಡು, ಆ ದೇಶವನ್ನು ಮೂಲೆಯೊಂದರಲ್ಲಿ ಮುಚ್ಚಿಬಿಡುತ್ತವೆ. ಇದೇ ವಿಷಯದಲ್ಲಿ ಡೆನ್ಮಾರ್ಕ್ ಮತ್ತು ನೆದರ್‌ಲ್ಯಾಂಡ್ಸ್ ಜೊತೆ ನಡೆದ ಖಂಡಾವರಣ ಪ್ರದೇಶದ (ದಡದಿಂದ ಮುಂದಕ್ಕೆ ಚಾಚಿದ ಸಮುದ್ರತಳದ) ವ್ಯಾಜ್ಯದಲ್ಲಿ, ಸಮದೂರದ ಸೂತ್ರ ಜರ್ಮನಿಯ ಮೇಲೆ ಕಡ್ಡಾಯವಲ್ಲವೆಂದು 1969ರಲ್ಲಿ ನ್ಯಾಯಾಲಯ ತೀರ್ಪಿತ್ತಿತು. 1971ರ ಒಪ್ಪಂದಗಳ ನಂತರ ಜರ್ಮನಿಗೆ ಸಮುದ್ರದ ನಡುವಿನ ಮರಳು ದಿಬ್ಬವಾದ ಡಾಗರ್ ಬ್ಯಾಂಕ್‌ವರೆಗೆ ಚಾಚಿದ ಕಿರಿದಾದ ತುಂಡೊಂದು ದಕ್ಕಿತು. ಜರ್ಮನ್ನರು ಅದನ್ನು ಬಾತುಕೋಳಿಯ ಕೊಕ್ಕು ಎಂದೇ ಕರೆಯುತ್ತಾರೆ. ನನ್ನ ಕೋಡ್ ತಾನಾಗಿ ಎಂದೂ ಆ ಕೊಕ್ಕನ್ನು ಬಿಡಿಸಲಾರದು.

ಕೊಕ್ಕಿನ ಅಂಚಿನಲ್ಲೇ ಇನ್ನೊಂದು ತೊಡಕು ಕಾಣಿಸಿತು. ನೆರೆಯ ಎರಡು ದೇಶಗಳ ವಲಯಗಳನ್ನು ತೋರಿಸುವ ಮುಚ್ಚಿದ ಆಕೃತಿಗಳನ್ನು, ಅಂದರೆ ಪಾಲಿಗಾನ್‌ಗಳನ್ನು ಬೇರೆಬೇರೆ ಕಡತಗಳಿಂದ ತಂದಿದ್ದೆ. ಒಂದರಲ್ಲಿ ಗಡಿಯ ಬಿಂದುಗಳ ನಡುವೆ ಹೆಚ್ಚುವರಿ ಬಿಂದುಗಳಿದ್ದವು, ಇನ್ನೊಂದರಲ್ಲಿ ಇರಲಿಲ್ಲ. ಎರಡರ ನಡುವೆ ಕೂದಲೆಳೆಯಂಥ ಸೀಳು ಉಳಿಯಿತು. ಪರೀಕ್ಷೆಗೆ ಕುಳಿತವರೊಬ್ಬರು ಸರಿಯಾಗಿ ಅಲ್ಲಿಯೇ ಗಾಳಿಯಂತ್ರ ನೆಟ್ಟರು. ಯಾವ ದೇಶವನ್ನೂ ಕೇಳಬೇಕಿಲ್ಲವೆಂದು ತಂತ್ರಾಂಶ ತಕ್ಷಣ ಅನುಮತಿ ಕೊಟ್ಟಿತು. ಈಗ ಗಡಿಗಳನ್ನು ಒಮ್ಮೆ ಮಾತ್ರ ಗೆರೆಯಾಗಿ ಇಟ್ಟುಕೊಂಡು, ಪಾಲಿಗಾನ್‌ಗಳನ್ನು ಆ ಗೆರೆಗಳಿಂದಲೇ ಕಟ್ಟುತ್ತಿದ್ದೇನೆ.

ಆದರೆ ಇದಕ್ಕಿಂತ ದೊಡ್ಡ ತಪ್ಪು ಕೋಷ್ಟಕದ ವಿನ್ಯಾಸದಲ್ಲಿತ್ತು. ಪ್ರತಿ ಚೌಕಕ್ಕೂ ‘ಮಾಲೀಕ’ ಎಂಬ ಒಂದೇ ಕಾಲಂ ಕೊಟ್ಟಿದ್ದೆ. ಪ್ರಾದೇಶಿಕ ಸಮುದ್ರದಲ್ಲಿ ಆ ಪದ ಹೇಗೋ ಸಲ್ಲುತ್ತದೆ, ಅಲ್ಲಿಯೂ ಪರದೇಶದ ಹಡಗಿಗೆ ನಿರುಪದ್ರವಿ ಸಂಚಾರದ ಹಕ್ಕಿದೆ. ಅದರಾಚೆಯ ಅನನ್ಯ ಆರ್ಥಿಕ ವಲಯದಲ್ಲಿ ಕರಾವಳಿ ದೇಶಕ್ಕಿರುವುದು ಮೀನು, ಖನಿಜ, ಗಾಳಿ ಮತ್ತು ಅಲೆಗಳ ಶಕ್ತಿ ಇಂಥವುಗಳ ಮೇಲಿನ ಹಕ್ಕು ಮಾತ್ರ. ಹಡಗು ಓಡಿಸುವ, ಕೇಬಲ್ ಹಾಕುವ ಸ್ವಾತಂತ್ರ್ಯ ಎಲ್ಲ ದೇಶಗಳಿಗೂ ಉಂಟು. ಸಮುದ್ರತಳದಲ್ಲಿ ಪೈಪ್‌ಲೈನ್ ಹಾಯಿಸುವ ಮಾರ್ಗಕ್ಕೆ ಮಾತ್ರ ಕರಾವಳಿ ದೇಶದ ಒಪ್ಪಿಗೆ ಬೇಕು. ನನ್ನ ಹಳೆಯ ನಕ್ಷೆ ಕೇಬಲ್ ಮತ್ತು ಪೈಪ್‌ಲೈನ್ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿತ್ತು.

ಎಮ್ಸ್ ನದಿ ಸಮುದ್ರ ಸೇರುವ ಅಳಿವೆಗೆ ಬಂದಾಗ ಆ ಕಾಲಂ ಪೂರ್ತಿ ಕೈಕೊಟ್ಟಿತು. ಅಲ್ಲಿ ಜರ್ಮನಿ ಮತ್ತು ನೆದರ್‌ಲ್ಯಾಂಡ್ಸ್ ನಡುವೆ ಒಪ್ಪಿದ ಗಡಿಯೇ ಇಲ್ಲ. ಗಡಿಯ ಪ್ರಶ್ನೆಯನ್ನು ಹಾಗೆಯೇ ಬಿಟ್ಟು, 3ರಿಂದ 12 ಮೈಲಿವರೆಗಿನ ಭಾಗವನ್ನು ಹೇಗೆ ನಿರ್ವಹಿಸಬೇಕೆಂಬುದನ್ನು ಮಾತ್ರ ಅವು 2014ರಲ್ಲಿ ತೀರ್ಮಾನಿಸಿಕೊಂಡವು. ನಡುವೆ ನಾನೊಂದು ಗೆರೆ ಎಳೆದಿದ್ದರೆ, ಆ ಸರ್ಕಾರಗಳೇ ಮಾಡದ ನಿರ್ಧಾರವನ್ನು ನಾನು ಮಾಡಿದಂತಾಗುತ್ತಿತ್ತು. ‘ಮಾಲೀಕ’ ಕಾಲಂ ಅಳಿಸಿ, ಪ್ರತಿಯೊಂದು ಬಳಕೆಗೂ ‘ಯಾರ ಒಪ್ಪಿಗೆ ಬೇಕು’ ಎಂಬ ಪಟ್ಟಿ ಇಟ್ಟೆ. ಎಮ್ಸ್‌ನ ಚೌಕಗಳಲ್ಲಿ ಈಗ ಎರಡೂ ಹೆಸರುಗಳಿವೆ. ನಕ್ಷೆಯಲ್ಲಿ ಅವು ಓರೆಗೆರೆಗಳಾಗಿ ಕಾಣುತ್ತವೆ. ಅಲ್ಲಿಗೆ ಬಂದ ಆಟಗಾರರು ಮುಂದುವರಿಯುವ ಮೊದಲು ಪಕ್ಕದ ಮೇಜಿನವರೊಡನೆ ಮಾತಾಡಲೇಬೇಕು.