ರ್ಯೋಗೊಕುವಿನಲ್ಲಿ ಎರಡು ದಿನ ಸುಮೊ: ಯಾವ ಕಡೆ ಕೂರಬೇಕು, ಎಲ್ಲಿ ಕಣ್ಣಿಡಬೇಕು

ಸುಮೊ ನೋಡಲು ಜಪಾನಿಗೆ ಹೊರಟವರಿಗೆ ನಾನು ಮೊದಲು ಹೇಳುವುದು ಒಂದೇ ಮಾತು. ಟಿಕೆಟ್ ತೆಗೆದುಕೊಳ್ಳುವಾಗ ಬೆಲೆಗಿಂತ ಮುಂಚೆ ದಿಕ್ಕು ನೋಡಿ.

ಪೈಲ್ವಾನರು ಪೂರ್ವ ಪಶ್ಚಿಮವಾಗಿ ಎದುರುಬದುರು ನಿಲ್ಲುತ್ತಾರೆ. ನೀವು ಪೂರ್ವದ ಕಡೆ ಕೂತರೆ ಹತ್ತಿರದವನ ಬೆನ್ನು ಕಾಣುತ್ತದೆ, ಆಚೆಯವನು ಅವನ ಹಿಂದೆ ಮರೆಯಾಗುತ್ತಾನೆ. ಪಶ್ಚಿಮದಲ್ಲೂ ಇದೇ ಕಥೆ. ಶೋಮೆನ್ ಅಂದರೆ ಮುಂಭಾಗ, ಮುಕೋಜೋಮೆನ್ ಅಂದರೆ ಅದರ ಎದುರು ಭಾಗ. ಈ ಎರಡರಲ್ಲಿ ಒಂದು ಕಡೆ ಕೂತರೆ ಇಬ್ಬರೂ ಪಕ್ಕದಿಂದ ಕಾಣುತ್ತಾರೆ. ನಾಲ್ಕು ಕೈ, ನಾಲ್ಕು ಕಾಲು, ನಡುವೆ ಎರಡು ಬಿಳಿ ಗೆರೆ. ಸುಮೊದಲ್ಲಿ ಜನ ಜಗಳವಾಡುವುದೆಲ್ಲ ಈ ಕೈಕಾಲುಗಳ ಬಗ್ಗೆಯೇ.

ಇದು ನನಗೆ ಗೊತ್ತಾಗಿದ್ದು ಒಂದು ದಿನ ಹಾಳಾದ ಮೇಲೆ. ಮೇ ತಿಂಗಳ ಬಾಶೋಗೆ, ಅಂದರೆ ಸುಮೊ ಪಂದ್ಯಾವಳಿಗೆ, ನಾನು, ನನ್ನ ಹೆಂಡತಿ ಹೋಗಿದ್ದೆವು. ಅಕ್ಕ, ಭಾವ ಟೋಕಿಯೊದ ನಿಶಿ ಕಸಾಯ್‌ನಲ್ಲಿದ್ದಾರೆ. ಭಾವನಿಗೆ ಜಪಾನಿ ಭಾಷೆ ಚೆನ್ನಾಗಿ ಬರುತ್ತದೆ. ಮೊದಲ ದಿನದ ಟಿಕೆಟನ್ನು ನಾನು ಅವಸರದಲ್ಲಿ ಒಂದು ಮರುಮಾರಾಟದ ಜಾಲತಾಣದಲ್ಲಿ ಕೊಂಡುಬಿಟ್ಟಿದ್ದೆ. ಅಸಲು ಬೆಲೆಯ ಎರಡರಷ್ಟು ಕೊಟ್ಟೆ, ಯಾವ ಕಡೆಯ ಸೀಟು ಎಂದು ಅವರು ತಿಳಿಸಲೇ ಇಲ್ಲ. ಹೋಗಿ ನೋಡಿದರೆ ಪೂರ್ವದ ಮಾಸು ಸೀಟು, ನೆಲದ ಮೇಲೆ ಕೂರುವ ಚೌಕ. ಎರಡನೆಯ ದಿನದ ಟಿಕೆಟನ್ನು ಭಾವ ಸುಮೊ ಸಂಘದ ಸ್ವಂತ ಟಿಕೆಟ್ ತಾಣದಲ್ಲೇ ತೆಗೆದಿದ್ದರು. ಎರಡನೇ ಮಹಡಿ, ಶೋಮೆನ್ ಕಡೆ ಕುರ್ಚಿ. ಬೆಲೆ ತುಂಬಾ ಕಡಿಮೆ. ಆದರೆ ಸುಮೊ ಅರ್ಥವಾಗಿದ್ದು ಅಲ್ಲಿಯೇ.

ವರ್ಷಕ್ಕೆ ಆರು ಬಾಶೋ. ಜನವರಿ, ಮೇ, ಸೆಪ್ಟೆಂಬರ್‌ನಲ್ಲಿ ಟೋಕಿಯೊದ ರ್ಯೋಗೊಕುವಿನಲ್ಲಿರುವ ಸುಮೊ ಸಭಾಂಗಣ ಕೊಕುಗಿಕಾನ್. ಮಾರ್ಚ್‌ನಲ್ಲಿ ಒಸಾಕಾ, ಜುಲೈನಲ್ಲಿ ನಗೋಯಾ, ನವೆಂಬರ್‌ನಲ್ಲಿ ಫುಕುವೋಕಾ. ಒಂದೊಂದೂ ಭಾನುವಾರ ಶುರುವಾಗಿ ಹದಿನೈದು ದಿನ ನಡೆದು ಭಾನುವಾರವೇ ಮುಗಿಯುತ್ತದೆ. ಟಿಕೆಟ್ ಸುಮಾರು ಒಂದು ತಿಂಗಳು ಮುಂಚೆ ಬಿಡುತ್ತಾರೆ. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದಿದೆ. ಅಲ್ಲಿ ಬೆಳಿಗ್ಗೆ 10ಕ್ಕೆ ಮಾರಾಟ ಶುರುವಾದರೆ ಬೆಂಗಳೂರಿನಲ್ಲಿ 6:30. ಅಲಾರಂ ಇಟ್ಟುಕೊಂಡು ಏಳಿ. ಈಗ ಟಿಕೆಟ್ ಬೇಗ ಖಾಲಿಯಾಗುತ್ತವೆ. ಮೊದಲ ದಿನ, ಕೊನೆಯ ಮೂರು ದಿನ ಬಿಟ್ಟು ವಾರದ ನಡುವಿನ ದಿನಕ್ಕೆ ಪ್ರಯತ್ನಿಸಿದರೆ ಸಿಗುವ ಸಾಧ್ಯತೆ ಜಾಸ್ತಿ. ಮೊದಲು ಟಿಕೆಟ್, ಆಮೇಲೆ ವಿಮಾನ. ಈ ಕ್ರಮ ತಪ್ಪಬೇಡಿ.

ಮಾಸು ಸೀಟು ಅಂದರೆ ಕಬ್ಬಿಣದ ಕಂಬಿ ಹಾಕಿದ ಒಂದು ಚೌಕ. ನಾಲ್ಕು ಜನಕ್ಕೆ ನಾಲ್ಕು ದಿಂಬು. ಚಪ್ಪಲಿ, ಶೂ ಬಿಚ್ಚಿ ಚಕ್ಕಂಬಕ್ಕಳ ಹಾಕಿ ಕೂರಬೇಕು. ನೆಲದ ಮೇಲೆ ಕೂತು ಊಟ ಮಾಡಿ ಬೆಳೆದ ನಮಗೇ ಎರಡು ಗಂಟೆಯಾದ ಮೇಲೆ ಕಾಲು ಜೋಮು ಹಿಡಿಯಿತು. ಮಂಡಿ ನೋವಿರುವ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಸುಮ್ನೆ ಕುರ್ಚಿ ಸೀಟು ತೆಗೆದುಕೊಳ್ಳಿ. ಕಣದ ಪಕ್ಕದ ತಮಾರಿ ಸೀಟಿನ ಆಸೆ ಬೇಡ. ಅಲ್ಲಿ ತಿನ್ನುವಂತಿಲ್ಲ, ಚಿಕ್ಕ ಮಕ್ಕಳನ್ನು ಬಿಡುವುದಿಲ್ಲ, ನೂರೈವತ್ತು ಕಿಲೋ ಮನುಷ್ಯ ಮೈಮೇಲೆ ಬಿದ್ದರೂ ಬೀಳಬಹುದು.

ನಿಶಿ ಕಸಾಯ್‌ನಿಂದ ಹೋಗುವುದು ಸುಲಭ. ತೋಝಾಯ್ ಲೈನಿನಲ್ಲಿ ಮೊನ್ಝೆನ್ ನಾಕಚೋ, ಅಲ್ಲಿ ಓಏದೋ ಲೈನಿಗೆ ಬದಲಾಯಿಸಿ ರ್ಯೋಗೊಕು. ಬೇರೆ ಕಡೆಯಿಂದ ಬರುವವರಿಗೆ ಜೆಆರ್ ಸೋಬು ಲೈನ್ ಇದೆ. ಪಶ್ಚಿಮ ಬಾಗಿಲಿನಿಂದ ಹೊರಬಂದರೆ ಕೊಕುಗಿಕಾನ್ ಎರಡು ನಿಮಿಷ ದೂರ. ಪೈಲ್ವಾನರ ಹೆಸರು ಬರೆದ ಬಣ್ಣಬಣ್ಣದ ಉದ್ದ ಬಾವುಟಗಳು ದಾರಿ ತೋರಿಸುತ್ತವೆ. ಸಸ್ಯಾಹಾರಿಗಳು ಹೊಟ್ಟೆ ತುಂಬಿಸಿಕೊಂಡೇ ಹೋಗಿ. ಒಳಗೆ ಹೆಸರುವಾಸಿಯಾದ ಯಾಕಿತೋರಿ ಕೋಳಿಯದು, ಚಾಂಕೊ ಸಾರಿನಲ್ಲೂ ಕೋಳಿಯೋ ಮೀನೋ ಇದ್ದೇ ಇರುತ್ತದೆ. ನಿಶಿ ಕಸಾಯ್‌ನಲ್ಲಿ ಭಾರತೀಯರು ಜಾಸ್ತಿ, ದಕ್ಷಿಣದ ಊಟವೂ ಸಿಗುತ್ತದೆ. ನಾವು ಬೆಳಿಗ್ಗೆ ಅಕ್ಕನ ಮನೆಯಲ್ಲಿ ಚಿತ್ರಾನ್ನ ತಿಂದು ಹೊರಟೆವು.

ಬಹಳ ಪ್ರವಾಸಿಗರು ಮೂರೂವರೆಗೆ ಬರುತ್ತಾರೆ, ಮೇಲಿನ ದರ್ಜೆಯ ಪೈಲ್ವಾನರ ಮೆರವಣಿಗೆ ಹೊತ್ತಿಗೆ. ನೀವು ಒಂದು ಗಂಟೆಗಾದರೂ ಒಳಗಿರಿ. ಕಾರಣ ಹೇಳುತ್ತೇನೆ.

ಸುಮೊದಲ್ಲಿ ಪಂದ್ಯ ಶುರುಮಾಡಲು ಯಾರೂ ಸೀಟಿ ಊದುವುದಿಲ್ಲ. ತೀರ್ಪುಗಾರ, ಅಂದರೆ ಗ್ಯೋಜಿ, 'ಸಮಯವಾಯಿತು, ಕೈ ಊರಿ' ಎನ್ನುತ್ತಾನೆ ಅಷ್ಟೇ. ಆಮೇಲೆ ಇಬ್ಬರು ಪೈಲ್ವಾನರೂ ಒಬ್ಬರ ಉಸಿರನ್ನು ಒಬ್ಬರು ಅಳೆದುಕೊಂಡು, ಎರಡೂ ಕೈ ಮಣ್ಣಿಗೆ ತಾಕಿಸಿ, ಒಟ್ಟಿಗೇ ಮೇಲೆ ಹಾರಬೇಕು. ಇದೇ ತಾಚಿಯಾಯ್. ಎದುರಾಳಿ ಒಪ್ಪದೆ ಆಟ ಶುರುವೇ ಆಗುವುದಿಲ್ಲ. ಇಂಥ ಇನ್ನೊಂದು ಆಟ ನಾನು ನೋಡಿಲ್ಲ. ಒಬ್ಬ ಮುಂಚೆ ಹಾರಿದರೆ ಅಥವಾ ಕೈ ಊರದಿದ್ದರೆ ಅದು ಮತ್ತಾ. ಇಬ್ಬರೂ ಹಿಂದೆ ಹೋಗಿ ಮತ್ತೆ ಕೂರಬೇಕು.

1928ಕ್ಕೆ ಮೊದಲು ಇದಕ್ಕೆ ಕಾಲಮಿತಿಯೇ ಇರಲಿಲ್ಲ. ಆ ವರ್ಷ ರೇಡಿಯೊ ಪ್ರಸಾರ ಶುರುವಾಯಿತು, ಜೊತೆಗೆ ಮಿತಿ ಬಂತು, ನಡುವಿನ ಬಿಳಿ ಗೆರೆಗಳೂ ಬಂದವು. ಈಗ ಮೇಲಿನ ದರ್ಜೆಗೆ ನಾಲ್ಕು ನಿಮಿಷ, ಎರಡನೆಯದಕ್ಕೆ ಮೂರು, ಉಳಿದವರಿಗೆ ಎರಡು. ಮೇಲಿನವರು ಉಪ್ಪು ಎರಚಿ, ಕೂತು, ಎದ್ದು, ಮತ್ತೆ ಉಪ್ಪು ಎರಚುವಾಗ ಏನು ನಡೆಯುತ್ತಿದೆ ಎಂದು ಹೊಸಬರಿಗೆ ತಿಳಿಯುವುದಿಲ್ಲ. ಮಧ್ಯಾಹ್ನದ ಕಿರಿಯರ ಪಂದ್ಯಗಳು ಒಂದರ ಹಿಂದೆ ಒಂದು ಬರುತ್ತವೆ. ಗಂಟೆಯಲ್ಲಿ ಹತ್ತಾರು ತಾಚಿಯಾಯ್ ನೋಡಿಬಿಡಬಹುದು. ಕಣ್ಣು ಪಳಗುತ್ತದೆ. ಮುಖ ನೋಡಬೇಡಿ, ಕೈ ನೋಡಿ. ಯಾರ ಎರಡನೇ ಕೈ ಕೊನೆಗೆ ನೆಲ ಮುಟ್ಟುತ್ತದೋ ಸಾಮಾನ್ಯವಾಗಿ ಅವನೇ ಸಮಯ ಹಿಡಿದವನು. ಒಂದು ಕೈ ಮೊದಲೇ ಊರಿ ಕಾಯುವವರಿದ್ದಾರೆ, ಕೈ ಸವರಿಕೊಂಡು ಹಾರುವವರಿದ್ದಾರೆ. ಈ ಸವರುವುದು ಸಾಕೋ, ಪೂರ್ತಿ ಊರಬೇಕೋ ಎಂಬ ವಾದಕ್ಕೆ ಕೊನೆಯೇ ಇಲ್ಲ.

ಮಧ್ಯಾಹ್ನ ನೋಡಬೇಕಾದ್ದು ಇನ್ನೊಂದಿದೆ: ಗ್ಯೋಜಿಗಳ ಕಾಲು. ಕಿರಿಯ ಗ್ಯೋಜಿಗಳು ಬರಿಗಾಲಿನ ಹುಡುಗರು, ಉಡುಪನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿರುತ್ತಾರೆ. ಎರಡನೇ ದರ್ಜೆಯಿಂದ ಬಿಳಿ ಕಾಲುಚೀಲ. ಇನ್ನೂ ಮೇಲೇರಿದರೆ ಹುಲ್ಲಿನ ಚಪ್ಪಲಿ. ಕೊನೆಗೆ ಬರುವ ಹಿರಿಯರ ಸೊಂಟದಲ್ಲಿ ಒಂದು ಸಣ್ಣ ಕತ್ತಿ. ತೀರ್ಪು ತಪ್ಪಿದರೆ ಪ್ರಾಣ ಕೊಡುತ್ತೇನೆ ಎಂಬ ಹಳೆಯ ಕಾಲದ ಮಾತಿನ ಗುರುತು ಅದು. ಈಗಲೂ ಆ ಹಿರಿಯರ ತೀರ್ಪು ತಿರುಗಿಬಿದ್ದರೆ ಸಂಘದ ಮುಂದೆ ಹೋಗಿ, ಹುದ್ದೆ ಬಿಡಲು ಸಿದ್ಧ ಎಂದು ಹೇಳುವ ಪದ್ಧತಿ ಇದೆ.

ಇದನ್ನು ತಿಳಿದ ಮೇಲೆ ಗ್ಯೋಜಿಯನ್ನು ಬೈಯುವುದು ನನಗೆ ಆಗುವುದಿಲ್ಲ. ಅವನಿಗೆ 'ಗೊತ್ತಾಗಲಿಲ್ಲ' ಎನ್ನುವ ಹಕ್ಕಿಲ್ಲ. ಇಬ್ಬರೂ ಒಟ್ಟಿಗೆ ಬಿದ್ದರೂ ಆ ಕ್ಷಣವೇ ಕೈಯ ಬೀಸಣಿಗೆಯನ್ನು, ಅಂದರೆ ಗುನ್ಬಾಯನ್ನು, ಒಂದು ಕಡೆ ತೋರಿಸಲೇಬೇಕು. ಮೈಸೂರಿನಲ್ಲಿ ದಸರಾ ಕುಸ್ತಿ ನೋಡಿ ಬೆಳೆದವನು ನಾನು. ನಮ್ಮಲ್ಲಿ ಬೆನ್ನು ಮಣ್ಣಿಗೆ ಹತ್ತಿ ಚಿತ್ ಆಗಬೇಕು, ಅದು ಎಲ್ಲರ ಕಣ್ಣಿಗೂ ಕಾಣುತ್ತದೆ. ಇಲ್ಲಿ 4.55 ಮೀಟರ್ ಅಗಲದ ವೃತ್ತ. ಪಾದ ಬಿಟ್ಟು ಮೈಯ ಯಾವ ಭಾಗ ತಾಕಿದರೂ ಸೋಲು. ಕಾಲಿನ ಹೆಬ್ಬೆರಳು ಆಚೆ ತಾಕಿದರೂ ಸೋಲು, ಜುಟ್ಟಿನ ಕೂದಲು ನೆಲಕ್ಕೆ ತಾಕಿದರೂ ಸೋಲೇ. ವೃತ್ತದ ಸುತ್ತ ಸಣ್ಣ ಮರಳು ಹರಡಿ ಪ್ರತಿ ಸಲ ಪೊರಕೆಯಲ್ಲಿ ಗುಡಿಸುವುದು ಅದಕ್ಕೇ. ಹಿಮ್ಮಡಿ ಇಳಿದರೆ ಗುರುತು ಉಳಿಯುತ್ತದೆ.

ನಮ್ಮ ಮೊದಲ ದಿನ ಎರಡನೇ ದರ್ಜೆಯ ಒಂದು ಪಂದ್ಯದಲ್ಲಿ ಹೀಗೇ ಆಯಿತು. ಇಬ್ಬರೂ ನಮ್ಮಿಂದ ದೂರದ ಅಂಚಿನಲ್ಲಿ ಒಟ್ಟಿಗೆ ಉರುಳಿದರು. ಕಣದ ಸುತ್ತ ಕೂತಿದ್ದ ಐದು ಜನ ಕಪ್ಪು ಉಡುಪಿನ ತೀರ್ಪುಗಾರರಲ್ಲಿ ಒಬ್ಬರು ಕೈ ಎತ್ತಿದರು. ಐವರೂ ಮೇಲೆ ಹತ್ತಿ ನಡುವೆ ನಿಂತು ಮಾತಾಡಿದರು. ಇದು ಮೋನೋಈ. ಅವರೆಲ್ಲ ಹಳೆಯ ಪೈಲ್ವಾನರೇ. ಗ್ಯೋಜಿಗೆ ಅಲ್ಲಿ ಮತವಿಲ್ಲ, ಕೇಳಿದರೆ ಹೇಳಬಹುದು. ಒಬ್ಬರ ಕಿವಿಯಲ್ಲಿ ತಂತಿ ಇರುತ್ತದೆ, ವಿಡಿಯೊ ಕೋಣೆಯಿಂದ ಮಾತು ಬರುತ್ತಿರುತ್ತದೆ. ಸಭಾಂಗಣದಲ್ಲಿ ನಮಗೆ ಮರುದೃಶ್ಯ ಕಾಣಿಸಲಿಲ್ಲ. ನಾವು ಬೆನ್ನು ಬಿಟ್ಟು ಏನೂ ನೋಡಿರಲಿಲ್ಲ. ಪಕ್ಕದ ಚೌಕದಲ್ಲಿದ್ದ ಅಜ್ಜಿಯೊಬ್ಬರು ಬೈನಾಕ್ಯುಲರ್ ಇಳಿಸಿ ಭಾವನಿಗೆ, "ಆ ಕಡೆ ಕೂತವರ ಅದೃಷ್ಟ" ಎಂದರು.

ಮೋನೋಈ ಆದಾಗ ಮೂರು ಮಾತು ಗೊತ್ತಿದ್ದರೆ ಸಾಕು. ಮುಖ್ಯ ತೀರ್ಪುಗಾರರು ಮೈಕ್ ಹಿಡಿದು ಜಪಾನಿಯಲ್ಲಿ ಹೇಳುತ್ತಾರೆ. 'ಗುನ್ಬಾಯ್ ದೋರಿ' ಎಂದರೆ ಗ್ಯೋಜಿ ಹೇಳಿದ್ದೇ ಸರಿ. 'ಸಾಶಿಚಿಗಾಎ' ಎಂದರೆ ತೀರ್ಪು ತಿರುಗಿತು. 'ಟೋರಿನಾವೋಶಿ' ಎಂದರೆ ಮತ್ತೆ ಆಡಿ. ಈ ಮೂರನೆಯದು ಕೇಳಿದಾಗ ಇಡೀ ಸಭಾಂಗಣ ಚಪ್ಪಾಳೆ ತಟ್ಟುತ್ತದೆ. ನನಗೂ ಅದೇ ಇಷ್ಟ. ಬೇರ್ಪಡಿಸಲು ಆಗದ ಇಬ್ಬರನ್ನು ಕೂದಲೆಳೆ ಹಿಡಿದು ಬೇರ್ಪಡಿಸುವ ಬದಲು, ಇನ್ನೊಮ್ಮೆ ಆಡಿ ಅನ್ನುವುದು ದೊಡ್ಡತನ ಅಲ್ವಾ?

ವಿಡಿಯೊ ಬಂದ ಕಥೆಯನ್ನು ಆ ಅಜ್ಜಿಯೇ ಹೇಳಿದ್ದು. 1969ರ ಮಾರ್ಚ್, ಒಸಾಕಾ. ಯೊಕೊಝುನ, ಅಂದರೆ ಅತ್ಯುನ್ನತ ಪದವಿಯ ಪೈಲ್ವಾನ, ತಾಯ್ಹೊ ಸತತ 45 ಗೆಲುವಿನ ಮೇಲಿದ್ದರು. ಎರಡನೇ ದಿನ ತೋದಾ ಎಂಬವರ ಎದುರು ಗ್ಯೋಜಿ ತಾಯ್ಹೊಗೇ ಗೆಲುವು ಕೊಟ್ಟರು. ತೀರ್ಪುಗಾರರು ಅದನ್ನು ತಿರುಗಿಸಿದರು. ಆಮೇಲೆ ಫೋಟೊ ನೋಡಿದರೆ ಮೊದಲು ಕಾಲು ಆಚೆ ಹೋಗಿದ್ದು ತೋದಾ ಅವರದು. ಮುಂದಿನ ಮೇ ಬಾಶೋದಿಂದಲೇ ವಿಡಿಯೊ ಬಳಕೆಗೆ ಬಂತು. ತಾಯ್ಹೊ ಯಾರನ್ನೂ ದೂರಲಿಲ್ಲ. ಮೋನೋಈಗೆ ಅವಕಾಶ ಕೊಡುವಂಥ ಆಟ ಆಡಿದ್ದು ತನ್ನದೇ ತಪ್ಪು ಎಂಬರ್ಥದಲ್ಲಿ ಮಾತಾಡಿದರಂತೆ. ಅಜ್ಜಿ ಇದನ್ನು ನೆನ್ನೆ ನಡೆದ ಹಾಗೆ ಹೇಳಿದರು.

ಎರಡನೆಯ ದಿನ ಮೇಲಿನ ಕುರ್ಚಿಯಲ್ಲಿ ನಮ್ಮ ಹಿಂದೆ ನಾಲ್ಕು ಜನ ಗೆಳೆಯರ ಗುಂಪಿತ್ತು. ಅವರ ಜಗಳ ಹೆಂಕಾ ಬಗ್ಗೆ. ಎದುರಾಳಿ ರಭಸದಿಂದ ನುಗ್ಗಿದಾಗ ಡಿಕ್ಕಿ ಕೊಡದೆ ಪಕ್ಕಕ್ಕೆ ಸರಿಯುವುದೇ ಹೆಂಕಾ. ನಿಯಮದಲ್ಲಿ ತಪ್ಪೇನೂ ಇಲ್ಲ. ನುಗ್ಗಿದವನು ಗಾಳಿಗೆ ಗುದ್ದಿ ಮುಗ್ಗರಿಸುತ್ತಾನೆ. ಅಂದು ಮೇಲಿನ ದರ್ಜೆಯಲ್ಲಿ ಒಬ್ಬ ಹೀಗೆ ಗೆದ್ದ. ಸಭಾಂಗಣ ಉಸಿರು ಬಿಟ್ಟಂತೆ 'ಆಆ' ಎಂದಿತು, ಚಪ್ಪಾಳೆ ಬೀಳಲಿಲ್ಲ. ಹಿಂದಿನವರಲ್ಲಿ ಒಬ್ಬ ರೇಗಿದ. ದುಡ್ಡು ಕೊಟ್ಟು ಬಂದಿದ್ದು ಇದಕ್ಕಾ ಎಂದ. ಇನ್ನೊಬ್ಬ, ಅವನ ಮಂಡಿಯ ಪಟ್ಟಿ ನೋಡು ಎಂದ.

ಆ ಎರಡನೆಯವನ ಮಾತಿನಲ್ಲಿ ಹುರುಳಿದೆ. ಕಣದಲ್ಲಿ ಗಾಯಗೊಂಡವರ ಸ್ಥಾನ ಕಾಪಾಡುವ ನಿಯಮ ಮೊದಲಿತ್ತು, 2004ರಿಂದ ಇಲ್ಲ. ಆಡದ ದಿನವೂ ಸೋಲೇ. ಹದಿನೈದರಲ್ಲಿ ಎಂಟು ಗೆಲ್ಲದಿದ್ದರೆ ಸಾಮಾನ್ಯವಾಗಿ ಸ್ಥಾನ ಇಳಿಯುತ್ತದೆ. ಮೇಲಿನ ಎರಡು ದರ್ಜೆಗೆ ಮಾತ್ರ ಸಂಬಳ. ಹರಿದ ಮಂಡಿ ಇಟ್ಟುಕೊಂಡವನು ಒಂದು ದಿನ ಪಕ್ಕಕ್ಕೆ ಸರಿದರೆ ನಾನು ಕೂಗಾಡುವುದಿಲ್ಲ. ಯೊಕೊಝುನ ಹಾಗೆ ಮಾಡಿದರೆ ಮಾತು ಬೇರೆ. 2016ರ ಮಾರ್ಚ್‌ನ ಕೊನೆಯ ದಿನ ಹಕುಹೊ ಹರುಮಫುಜಿ ಎದುರು ಸರಿದು 36ನೆಯ ಪ್ರಶಸ್ತಿ ಗೆದ್ದಾಗ ಒಸಾಕಾದ ಜನ ಬೈದರು. ಹಕುಹೊ ಸಂದರ್ಶನದಲ್ಲೇ ಕಣ್ಣೀರು ಹಾಕಿ ಕ್ಷಮೆ ಕೇಳಿದರು. ಅದೇ ಹಕುಹೊ 2017ರ ನವೆಂಬರ್‌ನಲ್ಲಿ ಯೊಶಿಕಾಝೆ ಎದುರು ಸೋತು, ಅದು ಮತ್ತಾ ಆಗಿತ್ತು ಎಂದು ಕಣದ ಕೆಳಗೇ ನಿಂತುಬಿಟ್ಟರು, ಮೇಲೆ ಬಂದು ವಂದಿಸಲು ತಡಮಾಡಿದರು. ತಾಚಿಯಾಯ್ ಒಪ್ಪಿಗೆಯ ಆಟ ಎಂದೆನಲ್ಲ, ಎದ್ದು ಡಿಕ್ಕಿ ಕೊಟ್ಟ ಮೇಲೆ ಒಪ್ಪಿರಲಿಲ್ಲ ಎನ್ನುವಂತಿಲ್ಲ. ನನಗೆ ಹೆಂಕಾಗಿಂತ ಇದೇ ಜಾಸ್ತಿ ನೋವು ಕೊಟ್ಟಿದ್ದು.

ಸಮಯವಿದ್ದರೆ ಬೆಳಿಗ್ಗೆ ಮೊನ್ಝೆನ್ ನಾಕಚೋದಲ್ಲೇ ಇಳಿದು ತೊಮಿಯೊಕಾ ಹಚಿಮಾನ್ ದೇವಸ್ಥಾನದಲ್ಲಿ ಯೊಕೊಝುನಗಳ ಹೆಸರು ಕೆತ್ತಿದ ಕಲ್ಲು ನೋಡಿ. ರ್ಯೋಗೊಕುವಿನ ಎಕೋಯಿನ್ ದೇವಾಲಯವೂ ಹತ್ತಿರ, 1909ರಲ್ಲಿ ಮೊದಲ ಕೊಕುಗಿಕಾನ್ ಕಟ್ಟುವ ತನಕ ಸುಮೊ ನಡೆದಿದ್ದು ಅಲ್ಲಿ. ಎರಡಕ್ಕೂ ಸೇರಿ ಒಂದು ಗಂಟೆ ಸಾಕು.

ಆರು ಗಂಟೆಗೆ ಕೊನೆಯ ಪಂದ್ಯ ಮುಗಿಯುತ್ತದೆ. ತಕ್ಷಣ ಏಳಬೇಡಿ, ಬಿಲ್ಲು ತಿರುಗಿಸುವ ಆಚರಣೆ ಇರುತ್ತದೆ. ಹೊರಗೆ ಬಂದಾಗ ಎತ್ತರದ ಅಟ್ಟಣೆಯ ಮೇಲಿಂದ ಡೋಲು ಕೇಳುತ್ತದೆ. ನಾಳೆಯೂ ಬನ್ನಿ ಎಂದು ಕರೆಯುವ ಡೋಲು, ಹಾಗಾಗಿ ಕೊನೆಯ ದಿನ ಮಾತ್ರ ಬಾರಿಸುವುದಿಲ್ಲ. ಸ್ಟೇಷನ್ನಿನಲ್ಲಿ ನೂಕುನುಗ್ಗಲು, ಅರ್ಧ ಗಂಟೆ ತಡೆದು ಹೊರಡಿ. ನಾವು ಡೋಲಿನ ಕೆಳಗೆ ನಿಂತಿದ್ದಾಗ ಆ ನಾಲ್ವರು ಗೆಳೆಯರು ಮತ್ತೆ ಸಿಕ್ಕರು. ಒಬ್ಬ ರಸ್ತೆಯ ಕಲ್ಲಿನ ಅಂಚನ್ನೇ ಕಣದ ಅಂಚು ಮಾಡಿಕೊಂಡು, ಹಿಮ್ಮಡಿಯನ್ನು ಗಾಳಿಯಲ್ಲಿ ಎತ್ತಿ ಹಿಡಿದು, ಕಾಲು ಎಲ್ಲಿತ್ತು ಎಂದು ತೋರಿಸುತ್ತಿದ್ದ. ಭಾವ ಹತ್ತಿರ ಹೋಗಿ, ಇಲ್ಲ, ಇನ್ನೂ ಸ್ವಲ್ಪ ಕೆಳಗಿತ್ತು ಎಂದರು.