ಸೀ, ಲುಕ್, ವಾಚ್: ಮೂರೂ ‘ನೋಡು’ ಅಂದಮೇಲೆ ಯಾವುದನ್ನು ಎಲ್ಲಿ ಹಾಕಬೇಕು?

ಇಂಗ್ಲಿಷ್ ಕಲಿಯುತ್ತಿರುವವರು, ಮಕ್ಕಳಿಗೆ ಮನೆಯಲ್ಲಿ ಪಾಠ ಹೇಳಿಕೊಡುವವರು, ಆಫೀಸಿನಲ್ಲಿ ದಿನವೂ ಮೇಲ್ ಬರೆಯುವವರು, ಎಲ್ಲರೂ ಈ ಪ್ರಶ್ನೆ ಕೇಳುತ್ತಾರೆ. ನನ್ನ ಉತ್ತರ ಇಷ್ಟೇ: ಮೂರಕ್ಕೂ ಪಕ್ಕದಲ್ಲಿ ‘ನೋಡು’ ಎಂದು ಬರೆದುಕೊಳ್ಳುವುದನ್ನು ಮೊದಲು ಬಿಡಿ. ನಮ್ಮಲ್ಲಿ ಬರೀ ನೋಡು ಇಲ್ಲ. ಕಾಣು ಇದೆ, ಕಣ್ಣಿಗೆ ಬೀಳು ಇದೆ, ಇಣುಕು, ದಿಟ್ಟಿಸು, ದುರುಗುಟ್ಟು, ಕಣ್ಣಾಡಿಸು ಎಲ್ಲ ಇವೆ. ಇಂಗ್ಲಿಷ್ ಮಾಡುವ ಭೇದಗಳಲ್ಲಿ ಬಹುಪಾಲು ನಮ್ಮ ನಾಲಿಗೆಗೆ ಆಗಲೇ ಗೊತ್ತು.

“ಎಲ್ಲ ಕಡೆ ನೋಡಿದೆ, ಎಲ್ಲೂ ಕಾಣಲಿಲ್ಲ.” ಇದರಲ್ಲಿ ನೋಡಿದ್ದು ಲುಕ್, ಕಾಣದಿದ್ದದ್ದು ಸೀ. ಲುಕ್ ಎಂದರೆ ನಾವಾಗಿ ಕಣ್ಣು ಹಾಯಿಸುವುದು. ಸೀ ಎಂದರೆ ಕಣ್ಣಿಗೆ ಅದು ಸಿಗುವುದು. ಮಾತಿನಲ್ಲಿ ನಾವು ಎಷ್ಟೋ ಸಲ ಕಾಣು ಎನ್ನಬೇಕಾದಲ್ಲಿ ನೋಡು ಎಂದೇ ಹೇಳುತ್ತೇವೆ, ಅದಕ್ಕೇ ಒಂದು ಪರೀಕ್ಷೆ ಬೇಕು. ನಿಮ್ಮ ವಾಕ್ಯದಲ್ಲಿ ‘ನೋಡಿದೆ’ ತೆಗೆದು ‘ಕಣ್ಣಿಗೆ ಬಿತ್ತು’ ಹಾಕಿ. “ನಿನ್ನೆ ಮಾರ್ಕೆಟ್ಟಿನಲ್ಲಿ ಅವನನ್ನು ನೋಡಿದೆ” ಎಂಬುದು “ಅವನು ಕಣ್ಣಿಗೆ ಬಿದ್ದ” ಎಂದಾದರೂ ಅರ್ಥ ಕೆಡುವುದಿಲ್ಲ, ಹಾಗಾಗಿ ಅಲ್ಲಿ “ಐ ಸಾ ಹಿಮ್”. “ಅವನು ಹಾಗಂದಾಗ ನಾನು ಅವನ ಮುಖ ನೋಡಿದೆ” ಎಂಬಲ್ಲಿ ಕಣ್ಣಿಗೆ ಬಿತ್ತು ಒಗ್ಗುವುದಿಲ್ಲ. ಅಲ್ಲಿ “ಲುಕ್ಡ್ ಅಟ್”.

ತರಗತಿಯಲ್ಲಿ ಆಗಾಗ ಕೇಳಿಬರುವ “ಸೀ ದ ಬೋರ್ಡ್” ತಪ್ಪಾಗುವುದೂ ಇದರಿಂದಲೇ. ಕಾಣುವುದು ಕಣ್ಣಿಗೆ ತಾನಾಗಿ ಆಗುವ ಕೆಲಸ, ಅದನ್ನು ಮಾಡು ಎಂದು ಅಪ್ಪಣೆ ಕೊಡಲಾಗದು. “ಲುಕ್ ಅಟ್ ದ ಬೋರ್ಡ್” ಎನ್ನಬೇಕು. ಆ ‘ಅಟ್’ ಬಿಡುವಂತಿಲ್ಲ. ಆದರೆ “ಸೀ ಪೇಜ್ 20” ಸರಿ, ಅಲ್ಲಿ ಅರ್ಥ ‘20ನೇ ಪುಟ ತೆಗೆದು ವಿಷಯ ತಿಳಿದುಕೊಳ್ಳಿ’ ಎಂದು. ಬಾಗಿಲು ಬಡಿದಾಗ “ಯಾರು ನೋಡು” ಎನ್ನುವುದಕ್ಕೆ “ಸೀ ಹೂ ಇಟ್ ಈಸ್” ಎನ್ನುವುದೂ ಹೀಗೇ. ತಿಳಿದುಕೊಳ್ಳುವುದು ಮುಖ್ಯವಾದಲ್ಲಿ ಸೀ ಅಪ್ಪಣೆಗೂ ಬರುತ್ತದೆ.

ಇನ್ನೊಂದು ತಪ್ಪು ನೇರ ಕನ್ನಡದಿಂದಲೇ ಹೋಗುತ್ತದೆ. ನಾವು “ಮರದ ಮೇಲೆ ಹಕ್ಕಿ ಕಾಣಿಸ್ತಾ ಇದೆ” ಎನ್ನುತ್ತೇವೆ. ಆ ‘ತಾ ಇದೆ’ಯನ್ನು ಹಾಗೇ ಇಳಿಸಿ “ಐ ಆಮ್ ಸೀಯಿಂಗ್ ಎ ಬರ್ಡ್” ಎಂದುಬಿಡುತ್ತೇವೆ. ಕಣ್ಣಿಗೆ ಕಾಣುವ ಅರ್ಥದಲ್ಲಿ ಸೀ ಸಾಮಾನ್ಯವಾಗಿ ‘ಇಂಗ್’ ಹಚ್ಚಿಕೊಳ್ಳುವುದಿಲ್ಲ. “ಐ ಕ್ಯಾನ್ ಸೀ ಎ ಬರ್ಡ್” ಅನ್ನಿ. ಈ ಕ್ಯಾನ್ ಇಲ್ಲಿ ನನ್ನ ಸಾಮರ್ಥ್ಯ ಹೇಳುತ್ತಿಲ್ಲ, ಈಗ ಕಾಣುತ್ತಿದೆ ಎಂದಷ್ಟೇ ಹೇಳುತ್ತದೆ. ಸೀಯಿಂಗ್ ಬಂದರೆ ಅರ್ಥವೇ ಬೇರೆ: “ಐ ಆಮ್ ಸೀಯಿಂಗ್ ದ ಡಾಕ್ಟರ್ ಟುಮಾರೊ” ಎಂದರೆ ನಾಳೆ ಡಾಕ್ಟರನ್ನು ಭೇಟಿಯಾಗುತ್ತೇನೆ ಎಂದು, “ಹಿ ಈಸ್ ಸೀಯಿಂಗ್ ಹರ್” ಎಂದರೆ ಇಬ್ಬರ ನಡುವೆ ಪ್ರೀತಿ ಪ್ರೇಮ ನಡೆದಿದೆ ಎಂದು. ಮೇಲ್ ಕಳಿಸುವ ಮುಂಚೆ ಈ ಒಂದನ್ನಾದರೂ ಗಮನಿಸಿ.

ವಾಚ್‌ಗೆ ಎರಡು ಗುರುತು. ನೋಡುವ ವಸ್ತು ಚಲಿಸುತ್ತಿರಬೇಕು ಅಥವಾ ಬದಲಾಗುತ್ತಿರಬೇಕು, ಇಲ್ಲವೇ ಏನಾದರೂ ಆದೀತು ಎಂದು ನಾವು ಕಾಯುತ್ತಿರಬೇಕು. ಮತ್ತು ನೋಟ ಒಂದಿಷ್ಟು ಹೊತ್ತು ಮುಂದುವರಿಯಬೇಕು. ಮ್ಯಾಚ್, ಟಿವಿ, ಒಲೆ ಮೇಲಿನ ಹಾಲು, ಎಲ್ಲಕ್ಕೂ ವಾಚ್. ಫೋಟೊಗೆ ಲುಕ್ ಅಟ್. ಫೋಟೊ ವಾಚ್ ಮಾಡುತ್ತೇನೆ ಎಂದರೆ ಅದು ಯಾವಾಗ ಅಲ್ಲಾಡೀತು ಎಂದು ಕಾದಂತಾಗುತ್ತದೆ. ಸಿನಿಮಾಕ್ಕೆ ಎರಡೂ ಸಲ್ಲುತ್ತವೆ: ಥಿಯೇಟರಿಗೆ ಹೋಗಿ ಬಂದರೆ ಸೀ ಹೆಚ್ಚು ಸಹಜ, ಮನೆಯಲ್ಲಿ ಕೂತು ನೋಡಿದರೆ ವಾಚ್.

ಇವುಗಳ ಸುತ್ತ ಇರುವ ಬಳಗದಲ್ಲಿ ಹೆಚ್ಚು ಗೊಂದಲ ಮಾಡುವ ಜೋಡಿ ಗ್ಲಾನ್ಸ್ ಮತ್ತು ಗ್ಲಿಂಪ್ಸ್. ಎರಡೂ ಕ್ಷಣದ ನೋಟ, ಆದರೆ ಗ್ಲಾನ್ಸ್ ಲುಕ್‌ನ ಕಡೆಯದು, ಗ್ಲಿಂಪ್ಸ್ ಸೀ ಕಡೆಯದು. ಗಡಿಯಾರದ ಕಡೆ ಒಮ್ಮೆ ಕಣ್ಣು ಹಾಯಿಸಿದರೆ ಗ್ಲಾನ್ಸ್, ನಾನು ಬೇಕೆಂದೇ ಮಾಡಿದ್ದು. ಹಾಗಾಗಿ ಲುಕ್‌ನಂತೆಯೇ ಅದಕ್ಕೂ ‘ಅಟ್’ ಬೇಕು. ಓಡುವ ಬಸ್ಸಿನ ಕಿಟಕಿಯಿಂದ ಗುಡಿಯ ಗೋಪುರ ಹೀಗೆ ಕಂಡು ಹಾಗೆ ಮರೆಯಾದರೆ ಗ್ಲಿಂಪ್ಸ್. ಸೀ ಥರ ಅದಕ್ಕೆ ‘ಅಟ್’ ಬೇಡ. ನಾಮಪದವಾದಾಗಲೂ ಜೊತೆಗಾರರು ಬೇರೆ: “ಟೇಕ್ ಎ ಗ್ಲಾನ್ಸ್ ಅಟ್”, ಆದರೆ “ಕ್ಯಾಚ್ ಎ ಗ್ಲಿಂಪ್ಸ್ ಆಫ್”. ಒಂದನ್ನು ನಾವು ಹಾಕುತ್ತೇವೆ, ಇನ್ನೊಂದು ನಮಗೆ ಸಿಗುತ್ತದೆ.

ಸ್ಟೇರ್, ಗೇಝ್, ಗ್ಲೇರ್ ಮೂರರಲ್ಲೂ ಕಣ್ಣು ಕೀಳದ ನೋಟ; ಬೇರೆಯಾಗುವುದು ಮನಸ್ಸಿನ ಸ್ಥಿತಿ. ಅಪರಿಚಿತರನ್ನು ಮುಜುಗರವಾಗುವಂತೆ ನೆಟ್ಟು ನೋಡುವುದು ಸ್ಟೇರ್, ಆಶ್ಚರ್ಯದಿಂದ ಕಣ್ಣರಳಿಸಿದರೂ ಅದೇ. ಮೈಮರೆತು, ಮೆಚ್ಚಿ ನೋಡಿದರೆ ಗೇಝ್. ದುರುಗುಟ್ಟಿದರೆ ಗ್ಲೇರ್. ಅಮ್ಮ ತೊಟ್ಟಿಲ ಮಗುವನ್ನು ಸ್ಟೇರ್ ಮಾಡಿದಳು ಎಂದು ಬರೆದರೆ ಅವಳಿಗೆ ಏನೋ ಆಗಿದೆ ಎಂದು ಓದುವವರು ಗಾಬರಿಯಾಗುತ್ತಾರೆ. ಕದ್ದು ಇಣುಕಿದರೆ ಪೀಪ್. ಮಬ್ಬಿನಲ್ಲೋ ಕನ್ನಡಕವಿಲ್ಲದೆಯೋ ಕಷ್ಟಪಟ್ಟು ದಿಟ್ಟಿಸಿದರೆ ಪಿಯರ್.

ಅಬ್ಸರ್ವ್, ವ್ಯೂ, ವಿಟ್ನೆಸ್ ಬರವಣಿಗೆಯ ಕಡೆಯವು. ಪ್ರಯೋಗದ ವರದಿಗೆ ಮೊದಲನೆಯದು, ಮನೆ ಸೈಟು ನೋಡಲು ಹೋಗುವುದಕ್ಕೆ ಎರಡನೆಯದು, ಅಪಘಾತವನ್ನು ಕಣ್ಣಾರೆ ಕಂಡವರಿಗೂ ಕಾಗದಪತ್ರಕ್ಕೆ ಸಾಕ್ಷಿ ಸಹಿ ಹಾಕುವವರಿಗೂ ಮೂರನೆಯದು.

ಕನ್ನಡದ ‘ನೋಡು’ ಇದ್ದೂ ಇವು ಯಾವುವೂ ಸಲ್ಲದ ಜಾಗಗಳಿವೆ. ರುಚಿ ನೋಡುವುದು ಟೇಸ್ಟ್, ಜ್ವರ ನೋಡುವುದು ಚೆಕ್, ಮಾಡಿ ನೋಡುವುದು ಟ್ರೈ, ವಯಸ್ಸಾದವರನ್ನು ನೋಡಿಕೊಳ್ಳುವುದು ಲುಕ್ ಆಫ್ಟರ್. “ಕಾಲು ಡಾಕ್ಟರಿಗೆ ತೋರಿಸಿದೆ” ಎಂಬುದನ್ನು “ಶೋಡ್ ಮೈ ಲೆಗ್” ಎಂದರೆ ಬರೀ ಕಾಲು ಚಾಚಿ ತೋರಿಸಿದಂತಾಗುತ್ತದೆ. “ಸಾ ಎ ಡಾಕ್ಟರ್ ಅಬೌಟ್ ಮೈ ಲೆಗ್” ಅನ್ನಿ.

ಕೊನೆಗೆ ಥೆಸಾರಸ್, ಅಂದರೆ ಹತ್ತಿರದ ಅರ್ಥದ ಪದಗಳನ್ನು ಒಟ್ಟಿಗೆ ಕೊಡುವ ಕೋಶದ ಬಗ್ಗೆ. ಪೀಟರ್ ಮಾರ್ಕ್ ರೋಜೆ ಎಂಬ ವೈದ್ಯರು 1852ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಥೆಸಾರಸ್ ಪದಗಳನ್ನು ಭಾವಕ್ಕೆ ತಕ್ಕಂತೆ ಗುಂಪು ಮಾಡಿತ್ತು, ಅರ್ಥ ವಿವರಿಸಿರಲಿಲ್ಲ. ಗೊತ್ತಿದ್ದೂ ನೆನಪಿಗೆ ಬಾರದ ಪದವನ್ನು ಹುಡುಕುವವರಿಗೆ ಅದು ದೊಡ್ಡ ಉಪಕಾರ. ಗೊತ್ತೇ ಇಲ್ಲದ ಪದವನ್ನು ಅಲ್ಲಿಂದ ಎತ್ತಿ ಹಾಕಿದರೆ ಅಪಾಯ. ಮೈಕ್ರೊಸಾಫ್ಟ್ ವರ್ಡ್‌ನಲ್ಲಿ ಪದದ ಮೇಲೆ ರೈಟ್ ಕ್ಲಿಕ್ ಮಾಡಿದಾಗ ಬರುವ ಪಟ್ಟಿಯೂ ಅಂಥದ್ದೇ. ಅಲ್ಲಿಂದ ತೆಗೆದ ಪದವನ್ನು ಕಲಿಯುವವರಿಗೆಂದೇ ಮಾಡಿದ ನಿಘಂಟಿನಲ್ಲಿ ತೆರೆದು, ಉದಾಹರಣೆ ವಾಕ್ಯಗಳನ್ನು ಮೊದಲು ಓದಿ. ಅದರ ಮುಂದೆ ಅಟ್ ಬರುತ್ತದೋ ಆಫ್ ಬರುತ್ತದೋ, ಮಾತಿಗೋ ಬರಹಕ್ಕೋ, ಅದರಲ್ಲಿ ಮೆಚ್ಚುಗೆ ಇದೆಯೋ ಸಿಟ್ಟಿದೆಯೋ, ಇಷ್ಟು ಸ್ಪಷ್ಟವಾಗದಿದ್ದರೆ ಲುಕ್ ಇದ್ದ ಜಾಗದಲ್ಲಿ ಲುಕ್ ಅನ್ನೇ ಉಳಿಸಿಕೊಳ್ಳಿ.