ಸೀಟ್ ಬೆಲ್ಟಿನ ಕೊನೆಯ ಒಂದು ಗೇಣು

“ಟೀ ಚೆಲ್ಲಿತ್ತು ಸರ್.”

ಭಾನುವಾರದಿಂದ ಈ ಮಾತು ನನ್ನ ತಲೆಯಿಂದ ಇಳಿಯುತ್ತಿಲ್ಲ.

ಭಾವನಿಗೆ ಸೆಕೆಂಡ್ ಹ್ಯಾಂಡ್ ಕಾರು ಬೇಕಿತ್ತು. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ 2019ರ ಬಿಳಿ ಕಾರು ಸಿಕ್ಕಿತು. ಒಬ್ಬರೇ ಓನರ್, ಮೀಟರಿನಲ್ಲಿ 32,000 ಕಿ.ಮೀ. ಪಾಲಿಶ್ ಹೊಡೆಸಿ ಮದುಮಗನ ಹಾಗೆ ನಿಲ್ಲಿಸಿದ್ದರು. ಭಾವ ಅಡ್ವಾನ್ಸ್ ಕೊಡಲು ಫೋನ್ ಕೈಯಲ್ಲೇ ಹಿಡಿದುಕೊಂಡಿದ್ದರು. ಮೆಕ್ಯಾನಿಕ್ ಕರೆದುಕೊಂಡು ಹೋಗಿದ್ದು ನನ್ನ ಹಟಕ್ಕೆ. ಅವರ ಪ್ರಕಾರ ಅದು ಸಾವಿರ ರೂಪಾಯಿ ದಂಡ. ನಾಲ್ಕೂವರೆ ಲಕ್ಷದ ವ್ಯವಹಾರದಲ್ಲಿ ಸಾವಿರಕ್ಕೆ ಅಳುವವರು ನಮ್ಮ ಭಾವ.

ಮೆಕ್ಯಾನಿಕ್ ಭಾಯ್ ಮೊದಲು ಬಾನೆಟ್ ಮೇಲೆ ಕೈ ಇಟ್ಟರು. ಬೆಚ್ಚಗಿತ್ತು. “ಸುಮ್ನೆ ಸ್ಟಾರ್ಟ್ ಮಾಡಿಟ್ಟಿದ್ದೆ” ಎಂದರು ಮಾಲೀಕರು. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿದಾಗಲೇ ಅದರ ಕೆಮ್ಮು, ಹೊಗೆ ಎಲ್ಲ ಗೊತ್ತಾಗುವುದು. ಬಿಸಿಯಾದ ಮೇಲೆ ಎಲ್ಲ ಎಂಜಿನ್ನೂ ಒಳ್ಳೆಯ ಹುಡುಗನೇ. ಆಮೇಲೆ ಟೈರ್ ಪಕ್ಕ ಕೂತು 0824 ಅಂತ ಓದಿದರು. 2024ರ ಎಂಟನೇ ವಾರ ತಯಾರಾದ ಟೈರ್, ಅಂದರೆ ಕಾರಿನ ಜೊತೆ ಬಂದದ್ದು ಆಗಲೇ ಬದಲಾಗಿದೆ. ಬ್ರೇಕ್ ಪೆಡಲಿನ ರಬ್ಬರ್ ಸವೆದು ನುಣ್ಣಗಾಗಿತ್ತು. 32,000ಕ್ಕೆ ಇಷ್ಟು ಸವೆಯುತ್ತಾ ಅಂತ ನನಗೆ ಮಾತ್ರ ಕೇಳುವ ಹಾಗೆ ಗೊಣಗಿದರು.

ಆಮೇಲೆ ಸೀಟ್ ಬೆಲ್ಟ್ ಹಿಡಿದು ಎಳೆದರು. ನಾವೆಲ್ಲ ಎಳೆಯುವಷ್ಟಲ್ಲ, ಪೂರ್ತಿ, ಇನ್ನು ಬರಲ್ಲ ಅನ್ನುವವರೆಗೆ. ಕೊನೆಯ ಒಂದು ಗೇಣಿನಲ್ಲಿ ಮಣ್ಣಿನ ಬಣ್ಣದ ಗೆರೆ. ಸ್ಕೇಲ್ ಇಟ್ಟು ಎಳೆದ ಹಾಗೆ ನೇರವಾಗಿತ್ತು.

“ಟೀ ಚೆಲ್ಲಿತ್ತು ಸರ್.”

ಬೆಲ್ಟಿನ ಆ ತುದಿ ಸುತ್ತಿಕೊಂಡಿರುವುದು ಬಾಗಿಲ ಪಕ್ಕದ ಕಂಬದೊಳಗೆ, ನೆಲಕ್ಕೆ ಹತ್ತಿರ. ಅಲ್ಲಿಗೆ ಟೀ ಹೋಗಿದ್ದು ಹೇಗೆ? ಅದೂ ಅಲ್ಲದೆ ಆ ಮನೆಯಲ್ಲಿ ನಮಗೆ ಕೊಟ್ಟಿದ್ದು ಕಾಫಿ. ಒಳ್ಳೆಯ ಕಾಫಿ.

ಭಾಯ್ ವಾದ ಮಾಡಲಿಲ್ಲ. ಲಿಫ್ಟ್ ಹತ್ತಿರ ಬಂದ ಮೇಲೆ, “2022ರ ಸೆಪ್ಟೆಂಬರ್ ನೆನಪಿದೆಯಾ ಸರ್?” ಎಂದರು. ಬೆಳ್ಳಂದೂರು, ಔಟರ್ ರಿಂಗ್ ರೋಡ್ ಕಡೆ ಐಟಿಯವರು ಟ್ರ್ಯಾಕ್ಟರಿನಲ್ಲಿ ಆಫೀಸಿಗೆ ಹೋದ ಮಳೆ. ಬೇಸ್‌ಮೆಂಟಿನಲ್ಲಿ ಮುಳುಗಿದ ಕಾರುಗಳು ಎಲ್ಲಿ ಹೋದವು ಅಂತ ನಾನು ಯಾವತ್ತೂ ಯೋಚಿಸಿರಲಿಲ್ಲ. ಕಾರ್ಪೆಟ್ ಒಣಗುತ್ತೆ, ಅದರ ಕೆಳಗಿನ ವೈರಿಂಗ್ ಮಾತ್ರ ನಿಧಾನವಾಗಿ ತುಕ್ಕು ಹಿಡಿಯುತ್ತೆ. ಹಳೆಯ ಇನ್ಶೂರೆನ್ಸ್ ಪಾಲಿಸಿಗಳನ್ನು ಕೇಳಿದ್ದರೆ ಇನ್ನೂ ಸ್ಪಷ್ಟವಾಗುತ್ತಿತ್ತಂತೆ. ಕ್ಲೇಮ್ ಆದರೆ ಮುಂದಿನ ಪಾಲಿಸಿಯಲ್ಲಿ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದವರಿಗೆ ಸಿಗುವ ರಿಯಾಯಿತಿ, ಸೊನ್ನೆಗೆ ಬಂದಿರುತ್ತೆ.

ಆ ಕಾರಿನ ಮಾಲೀಕರ ಮೇಲೆ ಎರಡು ದಿನ ಸಿಟ್ಟಿತ್ತು. ಮೂರನೇ ದಿನ ನನ್ನ ಹಳೆಯ ಸ್ಕೂಟರ್ ನೆನಪಾಯಿತು. ಮಳೆ ಬಂದರೆ ಸ್ಟಾರ್ಟ್ ಆಗುತ್ತಿರಲಿಲ್ಲ. ಒಬ್ಬ ಕಾಲೇಜು ಹುಡುಗನಿಗೆ ಮಾರಿದ್ದೆ, ಏಪ್ರಿಲ್‌ನಲ್ಲಿ. ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಫಾರ್ಮ್ 29, 30ಕ್ಕೆ ಸಹಿ ಹಾಕಿ ಕೊಟ್ಟು, “ಆರ್‌ಟಿಒಗೆ ಹೋಗಿ ನಿನ್ನ ಹೆಸರಿಗೆ ಮಾಡಿಸ್ಕೋಪ್ಪಾ” ಅಂದು ಕೈ ತೊಳೆದುಕೊಂಡಿದ್ದೆ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಇದನ್ನು ಭಾವನಿಗೆ ಬುದ್ಧಿ ಹೇಳಲು ನಾನೇ ಓದಿ ಇಟ್ಟುಕೊಂಡಿದ್ದೆ.

ನಿನ್ನೆ ರಾತ್ರಿ ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಸ್ಕೂಟರ್ ನಂಬರ್ ಹಾಕಿದೆ. ಮಾಲೀಕರ ಹೆಸರಿನ ಕೆಲವು ಅಕ್ಷರಗಳನ್ನು ನಕ್ಷತ್ರ ಹಾಕಿ ಮುಚ್ಚಿದ್ದರು. ಉಳಿದ ಅಕ್ಷರಗಳು ನನ್ನವೇ.